ಅಂಬ್ರಪ್ಪ ತಂದ ನತೀಜಾ
ಕೊಂಕಲ್ಲಿನ ಅಂಬ್ರಪ್ಪನಿಗೆ ಚುನಾವಣೆಯೆಂದರೆ ಮಗಳ ಮದುವೆಯಷ್ಟು ಸಡಗರ. ನಿಜಾಮನ ಆಳ್ವಿಕೆ ಮುಗಿದು ದೇಶದ ಮೊದಲ ಚುನಾವಣೆ ಬಂದಾಗ, ಊರ ಹೊರಗಿನ ಅವರ ಕೇರಿಯಲ್ಲಿ ಅಕ್ಷರ ಬಲ್ಲವನು ಅವನೊಬ್ಬನೇ. ದಿಲ್ಲಿಯ ಪಾರ್ಲಿಮೆಂಟನ್ನು ತನ್ನ ಅಂಗಳದಲ್ಲೇ ಕಟ್ಟುವವನಂತೆ ಓಡಾಡಿದ. ಬೀಡಿ ಬಾಯಲ್ಲಿಟ್ಟುಕೊಂಡು ಹಚ್ಚುವುದನ್ನೇ ಮರೆಯುತ್ತಿದ್ದ. ಎದುರಿಗೆ ಎಮ್ಮೆ ಬಂದರೂ “ನಮ್ಮ ಪೆಟ್ಟಿಗಿ ಯಾವುದವ್ವಾ?” ಎಂದು ಕೇಳುತ್ತಾನೆಂದು ಜನ ನಗುತ್ತಿದ್ದರು. ಆಗ ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ. ಅಂಟಿಸಿದ ಚಿತ್ರ ನೋಡಿ ಚೀಟಿ ಹಾಕಬೇಕು. ಅಂಬ್ರಪ್ಪ ಇದ್ದಿಲಿನಿಂದ ಗೋಡೆಗೋಡೆಗೂ ತಮ್ಮ ಉಮೇದುವಾರನ ಗುರುತಿನ ಚಿತ್ರ ಬರೆದು ಮುದುಕಿಯರಿಗೂ ಪಾಠ ಮಾಡಿದ. “ಉಳುವವರಿಗೇ ಹೊಲ ಕೊಡಸ್ತಾನ, ಫಿಕರ್ ಮಾಡಬ್ಯಾಡ್ರಿ” ಎಂಬ ಅವನ ಮಾತು ನಂಬಿ, ಇಡೀ ಕೇರಿ ಊರ ಗೌಡನ ಬೆದರಿಕೆಗೆ ಸೊಪ್ಪು ಹಾಕದೆ ಓಟು ಕೊಟ್ಟು ಬಂತು. ಮತ ಎಣಿಕೆ ಮುಗಿದ ಮೇಲೆ ಯಾದಗಿರಿಯಿಂದ ಅವನು ತಂದ ನತೀಜಾ ಸೋಲಿನದು. ಅದು ತಿಳಿದ ಸಂಜೆಯೇ ಗೌಡ ಕೇರಿಯವರಿಗೆ ಪಾಲಿಗೆ ಕೊಟ್ಟಿದ್ದ ಹೊಲಗಳನ್ನೆಲ್ಲ ಬಿಡಿಸಿಕೊಂಡ. “ನಮ್ಮ ಚೀಟಿ ಪೆಟ್ಟಿಗಿ ಮ್ಯಾಲೇ ಉಳದಿದ್ವಂತ. ಒಳಗ ಬೀಳದಿದ್ದು ಲೆಕ್ಕಕ್ಕಿಲ್ಲಂತ. ಕಿಂಡಿ ಕಾಣಲಿಲ್ಲೇನು ಅತ್ತಿ?” ಎಂದು ಅಂಬ್ರಪ್ಪ ಮುದುಕಿ ಕರೆಮ್ಮನನ್ನು ಕೇಳಿದ. ಕರೆಮ್ಮ ಅಚ್ಚರಿಯಿಂದ ಅವನ ಮುಖ ನೋಡಿದಳು. “ಕಂಡಿತ್ತಪ್ಪಾ. ಹಣಮಂದೇವರ ಗುಡಿಯಾಗ ನಾವು ಕಾಯಿ ಎಲ್ಲಿ ಇಡತೀವಿ? ಹೊರಗ, ಹೊಸ್ತಿಲ ಮ್ಯಾಲೆ. ಒಳಗ ಕೈ ಹಾಕಬಹುದಂತ ಇವತ್ತಿನತನಕ ನಮಗ ಯಾರು ಹೇಳ್ಯಾರೋ?”