ಬೆಂಕಿಪೊಟ್ಟಣದ ಅಣಬೆಗಳು

ಇವತ್ತು ಬೆಳಿಗ್ಗೆ ಜಯನಗರದ ಪಾರ್ಕಿನಲ್ಲಿ ಮಗಳು ಒಂದು ಕಾಲು ಎತ್ತಿ ನಿಂತಳು. ಕೆಳಗೆ ಮಣ್ಣಿನಲ್ಲಿ ಕಂದು ಉಂಡೆಯಂಥ ಅಣಬೆ. "ತುಳಿಲಾ ಅಮ್ಮ?" ಅಂದಳು. ನನ್ನ ಮೂಗಿಗೆ ಸೋದರತ್ತೆಯ ಬೆಂಕಿಪೊಟ್ಟಣಗಳ ವಾಸನೆ ಬಂತು.

ಅತ್ತೆ ಬಯಾಲಜಿ ಟೀಚರ್. ಬನಶಂಕರಿಯ ನಮ್ಮ ಮನೆ ಎದುರಿನ ಖಾಲಿ ಸೈಟಿನಲ್ಲಿ, ಮಳೆ ನಿಂತ ಮೇಲೆ ಏಳುತ್ತಿದ್ದ ಈ ಪಫ್‌ಬಾಲ್ ಅಣಬೆಗಳೆಂದರೆ ಅವರಿಗೆ ಪ್ರಾಣ. ಸೆರಗು ಸಿಕ್ಕಿಸಿ ಮಣ್ಣಿನಲ್ಲೇ ಕೂತು, ಸಿಪ್ಪೆ ತೆಳುವೋ ದಪ್ಪವೋ, ಕೆಳಗೆ ಕಾಂಡ ಇದೆಯೋ ಇಲ್ಲವೋ ನೋಡಿ, ಒಂದೊಂದು ಬಗೆಯನ್ನೂ ಒಂದೊಂದು ಬೆಂಕಿಪೊಟ್ಟಣಕ್ಕೆ ಹಾಕುತ್ತಿದ್ದರು. ಮೇಲೊಂದು ಚೀಟಿ: ಜಾತಿ, ಸಿಕ್ಕಿದ ಜಾಗ, ಸಂಗ್ರಹಿಸಿದವರು. ಎಲ್ಲದರ ಮೇಲೂ ಅವರದೇ ಹೆಸರು. ನನಗೆ ಹೊಟ್ಟೆಯುರಿ.

ಸೈಟಿನಲ್ಲೇ ಬಿಟ್ಟಿದ್ದ ಒಂದರ ಜಾತಿ ಮಾತ್ರ ಗೊತ್ತಾಗಿರಲಿಲ್ಲ. ಅದು ಬಲಿತು, ನೆತ್ತಿಯಲ್ಲಿ ತೂತು ಬಿದ್ದು, ಒಳಗಿನ ಪುಡಿಯ ಬಣ್ಣ ಕಾಣಲಿ ಎಂದು ಅತ್ತೆ ವಾರವಿಡೀ ಕಾದಿದ್ದರು. ಒಂದು ಸಂಜೆ ಸ್ಕೂಲಿನಿಂದ ಬಂದವಳೇ ನಾನು ಅದನ್ನು ತುಳಿದೆ. ಬುಸ್ಸೆಂದು ಪುಡಿ ಹೊಗೆಯಂತೆ ಎದ್ದಿತು. ಅದರ ಚೆಂದ ನೋಡುತ್ತಾ ನಿಂತವಳು ತಲೆ ಎತ್ತಿದರೆ, ಎದುರಿಗೆ ಅತ್ತೆ.

"ಅಲ್ಲಾಡ್ಬೇಡ. ಬೂಟು ಬಿಚ್ಚು," ಅಂದರು.

ಒಂಟಿಕಾಲಲ್ಲಿ ನಿಂತು ಬಿಚ್ಚಿಕೊಟ್ಟೆ. ಅತ್ತೆ ಬಿಳಿ ಹಾಳೆಯ ಮೇಲೆ ಅದನ್ನು ಮೆಲ್ಲಗೆ ತಟ್ಟಿದರು. ಹಸಿರು ಬೆರೆತ ಕಂದು ಪುಡಿ ಉದುರಿತು.

"ಓ, ನೀನಾ ಇದು," ಎಂದು ಪುಡಿಯನ್ನೇ ಮಾತಾಡಿಸಿ ನಕ್ಕರು. ಆಮೇಲೆ ಚೀಟಿಯಲ್ಲಿ ಗುಂಡಗೆ ಬರೆದರು: ಸಂಗ್ರಹಿಸಿದವರು, ಪುಟ್ಟಿಯ ಎಡಗಾಲು. ಆ ಪೊಟ್ಟಣವನ್ನು ನಾನು ಬೀದಿಗೆಲ್ಲ ತೋರಿಸಿ ಬಂದೆ.

ಮಗಳ ಕಾಲು ಇನ್ನೂ ಗಾಳಿಯಲ್ಲೇ ಇತ್ತು.

"ತುಳಿ. ಬೂಟು ಮಾತ್ರ ಒದರ್ಬೇಡ," ಅಂದೆ, ಬ್ಯಾಗಿನಲ್ಲಿ ಬಿಳಿ ಹಾಳೆ ಹುಡುಕುತ್ತಾ.