ಕೌಜುಗದ ಕಾಲಿನ ಬಳೆ

ಮೊನ್ನೆ ಪಕ್ಕದ ಮನೆಯಿಂದ ಒಣಕೊಬ್ಬರಿ, ಗಸಗಸೆ ಹುರಿಯುವ ಘಮ ಬಂತು. ಬಾಯಲ್ಲಿ ನೀರೂರಬೇಕಿತ್ತು. ನನಗೆ ನಾಚಿಕೆಯಿಂದ ಮುಖವೇ ಬಿಸಿಯಾಯಿತು. ಮೇಡಂ ನೆನಪಾದರು...

ಹಕ್ಕಿಗಳು ಕೂಗಿನಲ್ಲಿ ಒಂದಕ್ಕೊಂದು ಏನು ಹೇಳುತ್ತವೆ ಎಂದು ತಿಳಿಯಲು ಮೈಸೂರು ಕಡೆಯಿಂದ ಬಂದವರು ಅವರು. ನಾರಾಯಣಪೇಟೆಯ ಅಂಚಿನ ನಮ್ಮ ಮನೆಯಲ್ಲಿ ಮುಂದಿನ ಖೋಲಿ ಬಾಡಿಗೆಗೆ ಹಿಡಿದಿದ್ದರು. ನಮ್ಮ ಹೊಲದ ಬದುವಿನಲ್ಲಿ ಕೌಜುಗದ ಜೋಡಿಯೊಂದಿತ್ತು. ಗಂಡನ್ನು ಒಮ್ಮೆ ಹಿಡಿದು, ಕಾಲಿಗೆ ಗುರುತಿನ ಕೆಂಪು ಬಳೆ ತೊಡಿಸಿ ಬಿಟ್ಟಿದ್ದರು. ಬೇರೊಂದು ಗಂಡಿನ ಕೂಗನ್ನು ಪುಟ್ಟ ಸ್ಪೀಕರಿನಲ್ಲಿ ಕೇಳಿಸಿದರೆ ಸಾಕು, ಎದೆಯುಬ್ಬಿಸಿ ಜಗಳಕ್ಕೆ ಓಡಿ ಬರುತ್ತಿತ್ತು. ಹೆಣ್ಣು ಪೊದೆಯೊಳಗಿಂದಲೇ ದನಿಗೂಡಿಸುತ್ತಿತ್ತು. "ನೋಡು, ನಿಮ್ಮೂರ ಪೈಲ್ವಾನ ಬಂದ" ಎಂದು ಮೇಡಂ ನಗುತ್ತಿದ್ದರು. ಆ ಜೋಡಿಯ ಮೇಲೆಯೇ ಅವರ ಓದೆಲ್ಲ ನಿಂತಿತ್ತು.

ಮಗ್ಗ ಬಿಟ್ಟು ನಾನೂ ಹೋಗುತ್ತಿದ್ದೆ. ರೆಕಾರ್ಡರ್ ಹಿಡಿಯುವ ಜಂಬ ಬೇರೆ! "ಏನ್ ಮಾಡತೀರೇ ಅಲ್ಲಿ?" ಎಂದು ಅವ್ವ ಕೇಳಿದರೆ, "ನಿನಗ ತಿಳಿಯಂಗಿಲ್ಲ ಬಿಡು" ಎಂದು ಬಾಯಿ ಮುಚ್ಚಿಸುತ್ತಿದ್ದೆ. ನಾನು ಹೇಳಲಿಲ್ಲ, ಅವಳು ತನಗೆ ತೋಚಿದಂತೆ ತಿಳಿದುಕೊಂಡಳು. ನಮ್ಮ ಕಡೆ ಕೌಜುಗದ ಹಿಂದೆ ಬೀಳುವವರು ಬೀಳುವುದು ಒಂದೇ ಕಾರಣಕ್ಕೆ.

ಮೇಡಂ ಊರಿಗೆ ಹೋಗಿ ಮಳೆಗಾಲಕ್ಕೆ ಮರಳುವವರಿದ್ದರು. ಹೊರಡುವ ದಿನ ಅವ್ವ ಜೋಳದ ರೊಟ್ಟಿ, ಒಣಕೊಬ್ಬರಿ, ಗಸಗಸೆ ಹುರಿದು ಘಮಘಮ ಸಾರು ಮಾಡಿದ್ದಳು. ಕೋಳಿ ಎಂದುಕೊಂಡು ಇಬ್ಬರೂ ಗಡದ್ದಾಗಿ ಉಂಡೆವು. ಹೊರಟ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುವುದುಂಟೆ? ಅವ್ವ ಉಡಿ ತುಂಬಿದಳು. ಅಕ್ಕಿ, ಉತ್ತುತ್ತಿ, ಕುಬಸದ ಖಣ... ಅದರ ಮೇಲೆ ಆ ಕೆಂಪು ಬಳೆ.

"ಪಾಪ, ಒಮ್ಮಿ ಕೈಗೆ ಸಿಕ್ಕಿದ್ದು ತಪ್ಪಿಸಿಕೊಂಡು ಹೋತು, ದಿನಾ ಅದರ ಹಿಂದ ತಿರಗತಿದ್ರಿ. ಅದಕ್ಕ ನಮ್ಮ ಮೈದುನಗ ಹೇಳಿ, ಸಾಕಿದ ಕೌಜುಗ ಕೂಗಿಸಿ ಹಿಡಿಸಿದೆ. ನಿಮ್ಮ ಕೆಂಪು ಬಳಿ ಕಳೀಬಾರದಂತ ತೊಳದು ಇಟ್ಟೀನ್ರಿ."

ಅಯ್ಯೋ, ಭೂಮಿ ಬಾಯಿಬಿಡಬಾರದೇ ಎನಿಸಿತು. ಮೇಡಂ ಉಡಿಯನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡರು. "ಊಟ ತುಂಬಾ ಚೆನ್ನಾಗಿತ್ತಮ್ಮಾ" ಎಂದು ಅವ್ವನ ಕಾಲಿಗೆರಗಿ, ನೆಟ್ಟಗೆ ಹೊಲಕ್ಕೆ ನಡೆದರು. ನಾನು ಹಿಂದೆಯೇ ಓಡಿದೆ.

ಹೆಣ್ಣೊಂದೇ ಕೂಗುತ್ತಿತ್ತು. ಕೂಗಿ, ಸುಮ್ಮನಿದ್ದು, ಮತ್ತೆ ಕೂಗುತ್ತಿತ್ತು. ಮೇಡಂ ಅಳುತ್ತಲೇ ಅದನ್ನೂ ರೆಕಾರ್ಡ್ ಮಾಡಿಕೊಂಡರು. ನನ್ನನ್ನು ಬೈದಿದ್ದರೂ ಹಗುರಾಗುತ್ತಿದ್ದೆ. "ನಿಮ್ಮಮ್ಮಂಗೆ ಹೇಳಬೇಡ, ನನ್ನಾಣೆ" ಎಂದರು, ಅಷ್ಟೆ.

ಅವರು ಮತ್ತೆ ಬರಲಿಲ್ಲ. ಬಂದವರೆಲ್ಲರ ಮುಂದೆ ಅವ್ವ ಆ ಊಟದ ಸುದ್ದಿ ಹೇಳಿ ಹಿಗ್ಗುತ್ತಿದ್ದಳು, ನಾನು ತಲೆ ತಗ್ಗಿಸಿ ಮಗ್ಗ ನೇಯುತ್ತಿದ್ದೆ. ಹಾಸಿಗೆ ಹಿಡಿದ ಮೇಲೆ ಒಂದು ದಿನ ಮೆಲ್ಲಗೆ ಕೇಳಿದಳು: "ಮೇಡಂ ಯಾಕ ತಿರುಗಿ ಬರಲಿಲ್ಲ? ಅವತ್ತು ಸಾರಿಗೆ ಉಪ್ಪು ಹೆಚ್ಚಾಗಿತ್ತೇನು?"

"ಇಲ್ಲವ್ವಾ, ಛಲೋ ಇತ್ತು" ಎಂದೆ.

ಅವ್ವ ಹೋಗಿ ವರ್ಷವಾಗುತ್ತ ಬಂತು. ಮೇಡಂ ಎಲ್ಲಿದ್ದಾರೋ ಗೊತ್ತಿಲ್ಲ. ಅವ್ವನಿಗೆ ಆಗಲೇ ನಾನೊಂದು ಮಾತು ಬಿಡಿಸಿ ಹೇಳಿದ್ದರೆ... ಥೂ, ನನ್ನ ಜಂಬಕ್ಕಿಷ್ಟು ಬೆಂಕಿ ಹಾಕ.