ನಿನ್ನೆಯಲ್ಲೇ ಉಳಿದ ಗಡಿಯಾರ

ಎಪ್ಪತ್ತರ ದಶಕ. ಹಿರಿಯೂರಿನ ನಮ್ಮ ಬೀದಿಯ ದೀಪಗಳನ್ನು ಹೊತ್ತಿಸಿ ಆರಿಸಲು ಹೋಟೆಲಿನ ಮುಂದಿನ ಕಂಬಕ್ಕೆ ಒಂದು ಕಬ್ಬಿಣದ ಪೆಟ್ಟಿಗೆ ಬಿಗಿದಿದ್ದರು. ಒಳಗಿನ ಗಡಿಯಾರ ಕರೆಂಟಿನಿಂದಲೇ ಓಡಬೇಕು. ಕರೆಂಟು ಹೋದರೆ ಅದೂ ನಿಲ್ಲುತ್ತಿತ್ತು, ಬಂದಾಗ ನಿಂತಲ್ಲಿಂದಲೇ ಹೊರಡುತ್ತಿತ್ತು. ಆಗ ಕರೆಂಟು ಹೋಗದ ದಿನವೇ ಇರಲಿಲ್ಲ. ಸಂಜೆ ಹೊತ್ತಬೇಕಾದ ದೀಪ ಊರು ಮಲಗಿದ ಮೇಲೆ ಹೊತ್ತಿ, ಮರುದಿನ ಬಿಸಿಲೇರುವವರೆಗೂ ದಂಡಕ್ಕೆ ಉರಿಯುತ್ತಿತ್ತು.

ಅಕ್ಕನ ಗಂಡ ಅಲ್ಲಿನ ಲೈನ್‌ಮನ್. ಹೋಟೆಲಿನ ಮುಂದೆ ಸೈಕಲ್ ನಿಲ್ಲಿಸಿದರೆ ಸಾಕು, ಒಳಗೆ ಕೂತವರ ತಮಾಷೆ ಶುರುವಾಗುತ್ತಿತ್ತು.

“ಏನಪ್ಪ, ನಿಮ್ ಪೆಟ್ಟಿಗೇಲಿ ಇವತ್ತು ಯಾವ ತಾರೀಕು?”

“ಅದ್ರಲ್ಲಿ ಇನ್ನೂ ನಿನ್ನೇನೇ ಐತೆ ಕಣ್ರಿ. ವಯಸ್ಸಾಗದು ಬ್ಯಾಡ ಅನ್ನೋರು ಅದ್ರ ಕೆಳಗೆ ಕುಂತ್ಕಳ್ರಿ,” ಎನ್ನುತ್ತಿದ್ದರು ಭಾವ.

ಈ ತಮಾಷೆಯಲ್ಲೇ ಒಂದು ಕೆಟ್ಟ ರೂಢಿ ಬೆಳೆಯಿತು. ದೀಪದ ತಂತಿ ಮುಟ್ಟುವ ಮುನ್ನ ಫ್ಯೂಸು ಕೀಳಬೇಕು. ಫ್ಯೂಸು ಇದ್ದದ್ದು ದೂರ, ಹೊಳೆಯ ಕಡೆ. ಪೆಟ್ಟಿಗೆಯ ಗಡಿಯಾರ ಹೇಗೂ ಹಿಂದಿದೆ, ರಾತ್ರಿಯವರೆಗೆ ತಂತಿಗೆ ಕರೆಂಟು ಬರುವುದಿಲ್ಲ ಎಂದು ಭಾವ ಸಂಜೆ ನೇರವಾಗಿ ಕಂಬ ಹತ್ತಿಬಿಡುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಜಗಳ ತೆಗೆದರೆ, “ಅದ್ರ ಗುಣ ನಂಗೊತ್ತೈತೆ, ಸುಮ್ಕಿರಲೇ,” ಎಂದು ಬಾಯಿ ಮುಚ್ಚಿಸುತ್ತಿದ್ದರು.

ಒಂದು ದಿನ ಭಾವ ಹಳ್ಳಿಯ ಕಡೆ ಕೆಲಸಕ್ಕೆ ಹೋಗಿದ್ದಾಗ ದುರ್ಗದ ಕರೆಂಟ್ ಕಚೇರಿಯಿಂದ ಒಬ್ಬರು ಬಂದು ಗಡಿಯಾರವನ್ನು ಸರಿಯಾದ ಹೊತ್ತಿಗೆ ತಿರುಗಿಸಿ ಹೋದರು. ಹೋಟೆಲಿನಲ್ಲಿದ್ದವರೆಲ್ಲ ಅದನ್ನು ನೋಡಿದರು. “ಯಾರೂ ಹೇಳ್ಬ್ಯಾಡ್ರಿ. ಸಂಜಿಗೆ ಆತನ ಮಕ ನೋಡಾಣ,” ಎಂದು ಮಾತಾಡಿಕೊಂಡರು. ಫ್ಯೂಸು ಕೀಳದೆ ಹತ್ತುವ ವಿಷಯ ಅವರಿಗೆ ಗೊತ್ತಿರಲಿಲ್ಲ.

ಹಳ್ಳಿಯಿಂದ ಬಂದ ಭಾವ ಹೋಟೆಲಿಗೂ ಬರದೆ ಬೀದಿಯ ಕೊನೆಯ ಕಂಬ ಹತ್ತಿದರು. ಅಷ್ಟರಲ್ಲಿ ದೀಪಗಳೆಲ್ಲ ಒಮ್ಮೆಲೇ ಹೊತ್ತಿಕೊಂಡವು. ಹೋಟೆಲಿನವರು ಚಪ್ಪಾಳೆ ತಟ್ಟಿ, ಭಾವ ಎಲ್ಲೆಂದು ಹುಡುಕಿದರು. ಭಾವ ಕಂಬದ ಮೇಲೆ ಬೆಲ್ಟಿನಲ್ಲಿ ಜೋತುಬಿದ್ದಿದ್ದರು. ಹೊಳಲ್ಕೆರೆಗೆ ಹೋಗಿದ್ದ ನಾನು ಊರಿಗೆ ಬಂದಾಗ ಹೆಣವನ್ನು ಅಂಗಳದಲ್ಲಿ ಕೂರಿಸಿದ್ದರು.

ಕಚೇರಿಯವರು ಬಂದು ಗಡಿಯಾರ ಪರೀಕ್ಷಿಸಿ, ಒಂದು ನಿಮಿಷವೂ ಆಚೀಚೆ ಇಲ್ಲ, ಸರಿಯಾಗಿದೆ ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು.

ಮಣ್ಣು ಮಾಡಿ ಬಂದ ಮೇಲೆ ಹೋಟೆಲಿನ ಯಜಮಾನರು ನಮ್ಮ ಬಾಗಿಲಲ್ಲಿ ನಿಂತು ಅತ್ತರು. “ತಮಾಷೆಗೆ ಅಂತ ಹೇಳ್ಲಿಲ್ಲ ಕಣವ್ವ. ಎಲ್ಲಾ ಸೇರಿ ನಗಾಣ ಅಂತಿದ್ವಿ.”

ಅಕ್ಕ ಅವರಿಗೆ ಕುಡಿಯಲು ನೀರು ಕೊಟ್ಟಳು.

“ಹೇಳಿದ್ರೆ ಎಲ್ರಿಗಿಂತ ಮುಂಚೆ ಅವ್ರೇ ನಗ್ತಿದ್ರು,” ಎಂದಳು.